ಮೌಸರ್ ಪಿಸ್ತೂಲೂ ಅದರ ಸಂಗ್ರಾಹಕರೂ

ಹಳೆಯ ನಾಣ್ಯಗಳನ್ನು ಕೂಡಿಡುವವರನ್ನೂ, ತಾಮ್ರಶಾಸನಗಳನ್ನು ಅರಸಿಕೊಂಡು ಊರೂರು ಅಲೆಯುವವರನ್ನೂ ನಾವೆಲ್ಲರೂ ಬಲ್ಲೆವು. ಅವರ ಶ್ರಮವನ್ನು ಲೋಕವು ಗೌರವದಿಂದ ಕಾಣುತ್ತದೆ. ಆದರೆ ಹಳೆಯ ಸೈನಿಕ ಪಿಸ್ತೂಲುಗಳನ್ನು ಸಂಗ್ರಹಿಸುವವರೂ ಇದ್ದಾರೆಂದರೆ ಕೇಳಿದವರು ಹುಬ್ಬೇರಿಸುವರು. ಪ್ರಾಣಹರಣಕ್ಕಾಗಿಯೇ ಹುಟ್ಟಿದ ಯಂತ್ರವೊಂದರಲ್ಲಿ ಪ್ರೀತಿಯಿಡತಕ್ಕದ್ದೇನಿದೆ ಎಂಬುದು ಅವರ ಶಂಕೆ. ಶಂಕೆಯು ಸಹಜವಾದದ್ದೇ. ಆದಕಾರಣ ಈ ದಿನ ನಾವು ಅಂತಹ ಪಿಸ್ತೂಲುಗಳಲ್ಲಿ ಒಂದನ್ನು ಮಾತ್ರ ಕೈಗೆತ್ತಿಕೊಂಡು, ಅದರಲ್ಲಿ ಸಂಗ್ರಾಹಕನು ಕಾಣುವುದೇನು ಎಂಬುದನ್ನು ವಿಚಾರಮಾಡೋಣ.

ಸಂಗ್ರಾಹಕನ ಮನಸ್ಸಿನಲ್ಲಿ ಎರಡು ಅಪೇಕ್ಷೆಗಳುಂಟು. ಪಿಸ್ತೂಲು ಯಾವ ಯಾವ ಕೈಗಳನ್ನು ದಾಟಿ ಬಂದಿತೆಂದು ತಿಳಿಯುವುದು ಒಂದು. ಅದು ಗುಂಡನ್ನು ಎಷ್ಟು ಚೆನ್ನಾಗಿ ಹಾರಿಸಬಲ್ಲುದೆಂದು ಪರೀಕ್ಷಿಸುವುದು ಇನ್ನೊಂದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯಂತೆ ಇವೆರಡೂ ಹಲವು ಸಲ ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ಇವುಗಳನ್ನು ಒಂದೇ ನೊಗಕ್ಕೆ ಕಟ್ಟುವ ಬಗೆ ಹೇಗೆಂಬುದೇ ನಮ್ಮ ಪ್ರಶ್ನೆ.

ನಾವು ಆರಿಸಿಕೊಂಡಿರುವುದು ಜರ್ಮನಿಯ ಓಬರ್ನ್‌ಡಾರ್ಫ್ ಊರಿನಲ್ಲಿ ಹುಟ್ಟಿದ ಮೌಸರ್ ಪಿಸ್ತೂಲು. ಅಲ್ಲಿನ ಮೌಸರ್ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಫೀಡರ್ಲೆ ಸೋದರರು ಇದನ್ನು ರಚಿಸಿದರು. ೧೮೯೫ರಲ್ಲಿ ಇದರ ಹಕ್ಕು ಒಡೆಯನಾದ ಪೌಲ್ ಮೌಸರನ ಹೆಸರಿನಲ್ಲಿ ದಾಖಲಾಯಿತು. ಮರುವರ್ಷವೇ ಮಾರಾಟಕ್ಕೆ ಬಂದುದರಿಂದ ಇದಕ್ಕೆ ೯೬ರ ಮಾದರಿಯೆಂದು ಹೆಸರಾಯಿತು. ಸುಮಾರು ನಲವತ್ತು ವರ್ಷಗಳ ಕಾಲ ತಯಾರಾಗಿ, ಹತ್ತು ಲಕ್ಷದಷ್ಟು ಸಂಖ್ಯೆಯಲ್ಲಿ ಇದು ಲೋಕದಲ್ಲೆಲ್ಲ ಹರಡಿತು.

ಇದರ ರೂಪವು ಒಮ್ಮೆ ಕಂಡವರು ಮರೆಯತಕ್ಕದ್ದಲ್ಲ. ಹಿಡಿಯು ಪೊರಕೆಯ ಕಡ್ಡಿಯಂತೆ ದುಂಡಗೆ, ಸಣ್ಣಗೆ ಇರುವುದು. ತೋಟಾಗಳ ಪೆಟ್ಟಿಗೆಯು ಹಿಡಿಯೊಳಗಿರದೆ ಅದರ ಮುಂದೆ ಇರುವುದು. ಹತ್ತು ತೋಟಾಗಳನ್ನು ಲೋಹದ ಪಟ್ಟಿಯೊಂದರಿಂದ ಮೇಲಿನಿಂದ ಒಮ್ಮೆಲೇ ಒತ್ತಿ ತುಂಬುವರು. ಗುಂಡು ಹಾರಿದ ಒದೆತದಿಂದಲೇ ನಳಿಗೆಯೂ ಅಗುಳಿಯೂ ಕೂಡಿಕೊಂಡು ಸ್ವಲ್ಪ ಹಿಂದಕ್ಕೆ ಸರಿಯುವುವು. ಅಲ್ಲಿ ನಳಿಗೆ ನಿಲ್ಲಲು, ಅಗುಳಿಯು ಬಿಡಿಸಿಕೊಂಡು ಹಿಂದೆ ಹೋಗಿ, ಬರಿದಾದ ತೋಟಾವನ್ನು ಎಸೆದು, ಹೊಸದನ್ನು ತಳ್ಳಿಕೊಂಡು ಬರುವುದು. ಹಿಡಿಯ ಮರದ ತುಂಡುಗಳನ್ನು ಬಿಗಿಯುವ ಒಂದು ತಿರುಪನ್ನು ಬಿಟ್ಟರೆ ಇಡೀ ಯಂತ್ರದಲ್ಲಿ ಮತ್ತೊಂದು ತಿರುಪಿಲ್ಲ. ಒಂದು ಭಾಗವು ಇನ್ನೊಂದರೊಳಗೆ ಕೂತು, ಎಲ್ಲವೂ ಪರಸ್ಪರ ಆಧಾರದಿಂದ ನಿಂತಿವೆ. ಗಡಿಯಾರದ ಕೆಲಸವನ್ನು ಬಲ್ಲವರೂ ಇದನ್ನು ಬಿಚ್ಚಿ ನೋಡಿದರೆ ತಲೆದೂಗುವರು. ಪಿಸ್ತೂಲನ್ನು ಇಡತಕ್ಕ ಮರದ ಒರೆಯನ್ನೇ ಹಿಡಿಯ ಹಿಂದಕ್ಕೆ ಸಿಕ್ಕಿಸಿದರೆ, ಅದು ಭುಜಕ್ಕಾನಿಸಿ ಹೊಡೆಯಬಹುದಾದ ಪುಟ್ಟ ಬಂದೂಕೇ ಆಗುವುದು.

ಇನ್ನು ಇದರ ಚರಿತ್ರೆಗೆ ಬರೋಣ. ೧೮೯೬ರ ಅಕ್ಟೋಬರಿನಲ್ಲಿ ಆಂಗ್ಲ ಅಶ್ವದಳದ ತರುಣ ಅಧಿಕಾರಿಯೊಬ್ಬನು ಮುಂಬಯಿಯ ಸಸೂನ್ ಹಡಗುಕಟ್ಟೆಯಲ್ಲಿ ದೋಣಿಯಿಂದ ಇಳಿಯುತ್ತಿದ್ದನು. ಆಧಾರಕ್ಕಾಗಿ ಕಬ್ಬಿಣದ ಬಳೆಯನ್ನು ಹಿಡಿದೊಡನೆ ಅಲೆಯು ದೋಣಿಯನ್ನು ಕೆಳಕ್ಕೆಳೆಯಿತು. ಅವನ ಬಲಭುಜದ ಕೀಲು ಜಾರಿತು. ಅಲ್ಲಿಂದ ಅವನು ತನ್ನ ದಳದೊಡನೆ ನಮ್ಮ ಬೆಂಗಳೂರಿನ ದಂಡಿಗೆ ಬಂದು ನೆಲಸಿದನು. ಆತನೇ ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ವಿನ್ಸ್‌ಟನ್ ಚರ್ಚಿಲ್. ಭುಜದ ಆ ನೋವು ಅವನನ್ನು ಬಿಡಲೇ ಇಲ್ಲ. ೧೮೯೮ರ ಸೆಪ್ಟೆಂಬರ್ ೨ರಂದು ಸೂಡಾನಿನ ಓಮ್‌ಡರ್ಮನ್ ಯುದ್ಧದಲ್ಲಿ ೨೧ನೆಯ ಲ್ಯಾನ್ಸರ್ ದಳದೊಡನೆ ಶತ್ರುಗಳ ಮೇಲೆ ನುಗ್ಗಬೇಕಾದಾಗ, ಕತ್ತಿ ಬೀಸಲು ಭುಜವನ್ನು ನಂಬಲಾರದೆ, ಅವನು ಕೈಯಲ್ಲಿ ಮೌಸರ್ ಪಿಸ್ತೂಲನ್ನು ಹಿಡಿದನು. ಆ ನುಗ್ಗಾಟವು ಕೆಲವೇ ನಿಮಿಷಗಳದ್ದು. ದಳದಲ್ಲಿ ೨೧ ಮಂದಿ ಮಡಿದರು. ಚರ್ಚಿಲನು ಗಾಯವಿಲ್ಲದೆ ಉಳಿದನು. ಒಂದು ದೋಣಿಯ ತುಯ್ತವೂ ಒಂದು ಯಂತ್ರದ ಹತ್ತು ಗುಂಡುಗಳೂ ಸೇರಿ ಮುಂದಿನ ಚರಿತ್ರೆಯನ್ನು ಎಲ್ಲಿ ತಿರುಗಿಸಿದುವೋ ಯಾರು ಬಲ್ಲರು?

ಇದೇ ಪಿಸ್ತೂಲು ಹದಿನಾರು ವರ್ಷಗಳ ತರುವಾಯ ಚರ್ಚಿಲನ ಸಾಮ್ರಾಜ್ಯಕ್ಕೇ ವಿರೋಧಿಯಾಗಿ ನಿಂತಿತು. ೧೯೧೪ರ ಆಗಸ್ಟ್ ೨೬ರಂದು ಕಲ್ಕತ್ತೆಯಲ್ಲಿ ರಾಡ್ಡಾ ಕಂಪೆನಿಗೆ ೨೦೨ ಪೆಟ್ಟಿಗೆಗಳ ಸರಕು ಬಂದಿತ್ತು. ಅದನ್ನು ಸುಂಕದ ಕಟ್ಟೆಯಿಂದ ಬಿಡಿಸಿ ತರಲು ಹೋದ ಗುಮಾಸ್ತೆ ಶ್ರೀಶಚಂದ್ರ ಮಿತ್ರನು ಕ್ರಾಂತಿಕಾರಿಗಳ ಗೆಳೆಯ. ಅವನು ೧೯೨ ಪೆಟ್ಟಿಗೆಗಳನ್ನು ಮಳಿಗೆಗೆ ಮುಟ್ಟಿಸಿ, ಉಳಿದ ಹತ್ತರೊಡನೆ ಮಾಯವಾದನು. ಆ ಹತ್ತರಲ್ಲಿ ಇದ್ದದ್ದು ೫೦ ಮೌಸರ್ ಪಿಸ್ತೂಲುಗಳು ಮತ್ತು ೪೬,೦೦೦ ತೋಟಾಗಳು. ಮರುವರ್ಷ ಸೆಪ್ಟೆಂಬರ್ ೯ರಂದು ಬಾಲಸೋರಿನ ಬಳಿ ಜತೀಂದ್ರನಾಥ ಮುಖರ್ಜಿಯೂ ಅವನ ನಾಲ್ವರು ಸಂಗಡಿಗರೂ ರೈಫಲು ಹಿಡಿದ ದೊಡ್ಡ ಪಡೆಯೊಂದನ್ನು ಎದುರಿಸಿ ಕಾದಿದ್ದು ಮೌಸರ್ ಪಿಸ್ತೂಲುಗಳಿಂದಲೇ. ಚಿತ್ತಪ್ರಿಯನು ಅಲ್ಲಿಯೇ ಬಿದ್ದನು. ಗಾಯಗೊಂಡ ಜತೀಂದ್ರನು ಮರುದಿನ ಪ್ರಾಣಬಿಟ್ಟನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಕದ್ದುಹೋದ ಪ್ರತಿಯೊಂದು ಪಿಸ್ತೂಲಿನ ಮೇಲೂ ಕ್ರಮಸಂಖ್ಯೆಯಿತ್ತು. ಆ ಸಂಖ್ಯೆಗಳು ಕಂಪೆನಿಯ ಲೆಕ್ಕದಲ್ಲಿದ್ದುವು. ಆದುದರಿಂದ ಎಲ್ಲಿ ಯಾವ ಪಿಸ್ತೂಲು ಸಿಕ್ಕಿದರೂ ಅದು ಆ ಐವತ್ತರಲ್ಲಿ ಒಂದೇ ಅಲ್ಲವೇ ಎಂದು ಪೋಲೀಸಿನವರು ಗುರುತಿಸಬಲ್ಲವರಾದರು. ೧೯೧೮ರ ರೌಲಟ್ ಸಮಿತಿಯ ವರದಿಯು, ಈ ಪಿಸ್ತೂಲುಗಳು ೫೪ ಪ್ರಕರಣಗಳಲ್ಲಿ ಬಳಕೆಯಾದುವೆಂದೂ ೩೧ ಮರಳಿ ದೊರಕಿದುವೆಂದೂ ತಿಳಿಸುತ್ತದೆ. ಉಕ್ಕಿನ ಮೇಲೆ ಒತ್ತಿದ ನಾಲ್ಕಾರು ಅಂಕೆಗಳು ಸಾಕ್ಷಿ ನುಡಿದುವು. ಸಂಗ್ರಾಹಕನು ಭೂತಗನ್ನಡಿಯನ್ನು ಹಿಡಿದು ಹುಡುಕುವುದು ಇಂತಹ ಸಾಕ್ಷಿಯನ್ನೇ.

ಇಂತಹ ಗುರುತುಗಳು ಇನ್ನೂ ಹಲವುಂಟು. ಈ ಪಿಸ್ತೂಲಿನ ಮೂಲ ತೋಟಾ ೭.೬೩ ಮಿಲಿಮೀಟರಿನದು. ಮೊದಲ ಮಹಾಯುದ್ಧದಲ್ಲಿ ಕೈಬಂದೂಕುಗಳ ಅಭಾವವುಂಟಾಗಲು, ಜರ್ಮನ್ ಸೈನ್ಯವು ೧೯೧೬ರಲ್ಲಿ ತನ್ನ ೯ ಮಿಲಿಮೀಟರಿನ ತೋಟಾವನ್ನು ಹೊಡೆಯತಕ್ಕ ೧,೫೦,೦೦೦ ಮೌಸರುಗಳನ್ನು ಬೇಡಿತು. ಸಿಪಾಯಿಯು ಅವಸರದಲ್ಲಿ ತಪ್ಪು ತೋಟಾವನ್ನು ತುಂಬಬಾರದೆಂದು ಹಿಡಿಯ ಮರದ ಮೇಲೆ ದೊಡ್ಡದಾಗಿ ೯ ಎಂಬ ಅಂಕೆಯನ್ನು ಕೆತ್ತಿ ಕೆಂಪು ಬಣ್ಣ ತುಂಬಿದರು. ಯುದ್ಧಾನಂತರ, ೧೯೧೯ರ ವರ್ಸೈ ಸಂಧಿಯ ನಿರ್ಬಂಧದಿಂದ ನಳಿಗೆಯು ಮೊಟಕಾಯಿತು. ಚೀನದಲ್ಲಿ ಶಾನ್ಸಿ ಪ್ರಾಂತದ ದಂಡನಾಯಕ ಯೆನ್ ಶಿ-ಷಾನನು ತನ್ನ ಕಾರ್ಖಾನೆಯಲ್ಲಿ .೪೫ ಅಂಗುಲದ ತೋಟಾಕ್ಕೆ ಒಗ್ಗುವಂತೆ ಇದರ ದೊಡ್ಡ ಪ್ರತಿಯನ್ನೇ ಮಾಡಿಸಿದನು. ಕೆಂಪು ಅಂಕೆಯಲ್ಲಿ ಒಂದು ಸೈನ್ಯದ ಕೊರತೆಯೂ, ಮೊಟಕು ನಳಿಗೆಯಲ್ಲಿ ಒಂದು ದೇಶದ ಸೋಲೂ, ಚೀನೀ ಅಕ್ಷರಗಳಲ್ಲಿ ಒಬ್ಬ ನಾಯಕನ ಮಹತ್ವಾಕಾಂಕ್ಷೆಯೂ ಓದಬಲ್ಲವನಿಗೆ ಕಾಣುವುವು.

ಆದಕಾರಣ ಸಂಗ್ರಾಹಕನು ಮೊದಲು ನೋಡುವುದು ಹೊಳಪನ್ನಲ್ಲ. ಒಡಲಿನ ಮೇಲಿನ ಕ್ರಮಸಂಖ್ಯೆಯ ಕೊನೆಯ ಅಂಕೆಗಳು ಸಣ್ಣ ಭಾಗಗಳಲ್ಲಿಯೂ ಒಂದೇ ಆಗಿವೆಯೆ, ಮೂಲದ ನೀಲಿ ಲೇಪವು ಉಳಿದಿದೆಯೆ, ಅಕ್ಷರಗಳ ಅಂಚು ಹರಿತವಾಗಿದೆಯೆ ಎಂದು ಅವನು ಪರೀಕ್ಷಿಸುವನು. ಉಜ್ಜಿ ಹೊಸ ಬಣ್ಣ ಕೊಟ್ಟ ಪಿಸ್ತೂಲು ಕಣ್ಣಿಗೆ ಅಂದವಾದರೂ, ಅಕ್ಷರಗಳನ್ನು ಕೆತ್ತಿ ತೆಗೆದ ಶಿಲಾಶಾಸನದಂತೆ ಮೂಕವಾದದ್ದು.

ಹಾಗಾದರೆ ಗುಂಡು ಹಾರಿಸುವ ಮಾತೇಕೆ? ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಸಾಲದೆ? ನಮಗೆ ಸಾಲದೆಂದು ತೋರುತ್ತದೆ. ಈ ಪಿಸ್ತೂಲಿನ ಗುಂಡು ಒಂದು ಸೆಕೆಂಡಿಗೆ ಸುಮಾರು ೪೩೦ ಮೀಟರು ವೇಗದಿಂದ ಹೋಗುತ್ತದೆ. ಅದರ ಕಾಲದಲ್ಲಿ ಇಂತಹ ವೇಗವುಳ್ಳ ಪಿಸ್ತೂಲು ವಿರಳ. ಒಂದೇ ಕೈಯಲ್ಲಿ ಹಿಡಿದು ಹೊಡೆದರೆ ದುಂಡು ಹಿಡಿಯು ಅಂಗೈಯಲ್ಲಿ ತಿರುಗುವುದು, ನಳಿಗೆಯ ತುದಿಯು ಮೇಲಕ್ಕೆ ನೆಗೆಯುವುದು. ಒರೆಯನ್ನು ಸಿಕ್ಕಿಸಿ ಭುಜಕ್ಕಾನಿಸಿದರೋ, ನೂರು ಗಜದ ಗುರಿಯೂ ಕೈಗೆಟಕುವುದು. ಗುರಿಪಟ್ಟಿಯ ಮೇಲೆ ೧,೦೦೦ ಮೀಟರಿನವರೆಗೆ ಅಂಕೆ ಕೆತ್ತಿರುವುದು ಮಾತ್ರ ಮಾರಾಟಗಾರನ ಉತ್ಸಾಹವೆಂದೇ ಹೇಳಬೇಕು. ಬಾಲಸೋರಿನ ಐವರು ರೈಫಲುಗಳೆದುರು ಅಷ್ಟು ಹೊತ್ತು ಹೇಗೆ ನಿಂತರೆಂಬುದು ಇದನ್ನು ಹಾರಿಸಿ ನೋಡಿದವನಿಗೆ ಅರ್ಥವಾಗುವಷ್ಟು, ಪುಸ್ತಕ ಓದಿದವನಿಗೆ ಆಗದು. ಹಾರಿಸುವ ಗುಣವೂ ಚರಿತ್ರೆಯ ಒಂದು ಪುಟವೇ.

ಆದರೆ ಈ ಪುಟವನ್ನು ಓದುವಾಗಲೇ ಹರಿಯುವ ಭಯವುಂಟು. ನೂರು ವರ್ಷ ಕಳೆದ ಸ್ಪ್ರಿಂಗು ಸೊರಗಿದ್ದರೆ ಅಗುಳಿಯು ಮಿತಿಮೀರಿದ ವೇಗದಿಂದ ಹಿಂದಕ್ಕೆ ಬಡಿಯುವುದು. ಬೀಗದ ತುಂಡು ಬಿರಿಯಬಹುದು. ಒಡೆದ ಭಾಗಕ್ಕೆ ಬದಲು ಸಿಕ್ಕೀತು, ಅದೇ ಸಂಖ್ಯೆಯ ಭಾಗವು ಮತ್ತೆಂದಿಗೂ ಸಿಕ್ಕದು. ರಷ್ಯದ ಟೊಕರೆವ್ ಪಿಸ್ತೂಲಿನ ತೋಟಾವು ಅಳತೆಯಲ್ಲಿ ಇದಕ್ಕೆ ಹೊಂದುವಂತೆಯೇ ಕಾಣುವುದು. ಅದರ ಒತ್ತಡವಾದರೋ ಹೆಚ್ಚು. ತಿಳಿಯದೆ ಅದನ್ನು ತುಂಬಿದವನು ಪಿಸ್ತೂಲನ್ನು ಮಾತ್ರವಲ್ಲ, ತನ್ನ ಕಣ್ಣನ್ನೂ ಪಣವಿಟ್ಟಂತೆ. ಹಳೆಯ ತೋಟಾಗಳ ಕಿಡಿಮದ್ದಾದರೋ ನಳಿಗೆಯಲ್ಲಿ ಉಪ್ಪನ್ನು ಉಳಿಸಿ, ಗಾಳಿಯ ತೇವವನ್ನೆಳೆದು, ಒಳಗೊಳಗೇ ತುಕ್ಕು ತಿನ್ನಿಸುವುದು.

ಈ ಕಾರಣದಿಂದ ವಿವೇಕಿಗಳಾದವರು ಒಂದು ಮಧ್ಯಮಾರ್ಗವನ್ನು ಹಿಡಿದಿದ್ದಾರೆ. ಸಂಖ್ಯೆಗಳೆಲ್ಲ ಕೂಡಿಬಂದ, ಲೇಪ ಮಾಸದ ಪಿಸ್ತೂಲನ್ನು ಅವರು ಹಾರಿಸರು. ಭಾಗಗಳು ಬೆರೆತುಹೋಗಿ ಶಾಸನದ ಬೆಲೆ ಕಳೆದುಕೊಂಡ, ಆದರೆ ನಳಿಗೆ ಚೆನ್ನಾಗಿರುವ ಇನ್ನೊಂದನ್ನು ಇಟ್ಟುಕೊಂಡು, ಬಲ್ಲ ಕಮ್ಮಾರನಿಂದ ಪರೀಕ್ಷೆ ಮಾಡಿಸಿ, ಹೊಸ ಸ್ಪ್ರಿಂಗನ್ನು ಹಾಕಿಸಿ, ಮಿತವಾದ ಮದ್ದಿನಿಂದ ಅದರಲ್ಲಿ ಅಭ್ಯಾಸಮಾಡುವರು. ಒಂದು ಸಾಕ್ಷಿಯಾಗಿ ಉಳಿಯುವುದು, ಇನ್ನೊಂದು ಗುರುವಾಗಿ ಕಲಿಸುವುದು. ಇದೇ ಯುಕ್ತವೆಂದು ನಮ್ಮ ಅಭಿಪ್ರಾಯ.

ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾಯಿದೆಯೂ, ಪರವಾನಗಿಯುಳ್ಳವನಿಗೂ ಸಾಮಾನ್ಯವಾಗಿ ಎರಡೇ ಬಂದೂಕುಗಳೆಂದು ಗೊತ್ತುಮಾಡಿದ ೨೦೧೯ರ ತಿದ್ದುಪಡಿಯೂ ಇರುವುದರಿಂದ ಇಂತಹ ಸಂಗ್ರಹವು ಸುಲಭವಲ್ಲ. ಸುಲಭವಾಗಬೇಕೆಂಬುದೂ ನಮ್ಮ ವಾದವಲ್ಲ. ವಸ್ತುಸಂಗ್ರಹಾಲಯದಲ್ಲಿ ಒಂದು ಹಳೆಯ ಪಿಸ್ತೂಲು ಕಂಡಾಗ ಅಸಹ್ಯದಿಂದ ಮುಖ ತಿರುಗಿಸದೆ, ಅದರ ಪಕ್ಕೆಯಲ್ಲಿರುವ ಅಂಕೆಗಳನ್ನು ಒಂದು ಕ್ಷಣ ಓದಿರೆಂದಷ್ಟೇ ನಮ್ಮ ವಿಜ್ಞಾಪನೆ. ಆ ಯಂತ್ರವು ಒಬ್ಬನನ್ನು ಕಾಪಾಡಿರಬಹುದು, ಒಬ್ಬನನ್ನು ಕೊಂದಿರಬಹುದು. ಅದನ್ನು ಹಿಡಿದ ಕೈಗಳು ಮಣ್ಣಾಗಿವೆ. ಅವುಗಳ ಗುರುತು ಉಳಿದಿರುವುದು ಆ ಉಕ್ಕಿನಲ್ಲಿ ಮಾತ್ರ. ಅದನ್ನು ಉಜ್ಜಿ ಅಳಿಸದಿರುವುದೇ ಸಂಗ್ರಾಹಕನ ಧರ್ಮ.