ಹಂಪಿಯ ಚೀನೀ ಪಿಂಗಾಣಿ: ತಳಮುದ್ರೆ ಮತ್ತು ಕಾಲನಿರ್ಣಯ

ವಿಜಯನಗರದ ಅರಮನೆ ಆವರಣದಲ್ಲಿ, ಅದರಲ್ಲೂ ಗಣ್ಯರ ನಿವಾಸಗಳಿದ್ದ ಭಾಗದಲ್ಲಿ ನಡೆದ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಸ್ಥಳೀಯ ಕುಂಬಾರರ ಮಡಕೆ ಚೂರುಗಳ ರಾಶಿಯ ಮುಂದೆ ಇವುಗಳ ಪ್ರಮಾಣ ಅತ್ಯಲ್ಪ. ಆದರೂ ಕಾಲನಿರ್ಣಯಕ್ಕೆ ಇವು ಬಹಳ ಬೆಲೆಯುಳ್ಳವು. ಊರ ಮಡಕೆಯ ಆಕಾರ ಹಲವು ತಲೆಮಾರು ಕಳೆದರೂ ಹೆಚ್ಚು ಬದಲಾಗುವುದಿಲ್ಲ. ಪಿಂಗಾಣಿಯ ನೀಲಿ, ಚಿತ್ರ, ತಳದ ಬರಹ ಕೆಲವೇ ದಶಕಗಳಲ್ಲಿ ಬೇರೆಯಾಗುತ್ತವೆ.

ಎರಡು ನಾಡುಗಳ ಸಂಪರ್ಕ ಹಳೆಯದು. ವಿಜಯನಗರದ ಒಂದನೇ ಬುಕ್ಕರಾಯ 1374ರಲ್ಲಿ ಚೀನಾದ ಮಿಂಗ್ ದೊರೆಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದ್ದ. 1405ರಿಂದ 1433ರವರೆಗೆ ಮಿಂಗ್ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ಕಲ್ಲಿಕೋಟೆಗೆ ಬಂದುಹೋದವು. ಕಡಲಾಚೆಯ ಸರಕು ಭಟ್ಕಳದಂಥ ಬಂದರುಗಳಿಂದ ಘಟ್ಟ ಹತ್ತಿ ರಾಜಧಾನಿ ಸೇರುತ್ತಿತ್ತು.

ಮಿಂಗ್ ಕಾಲದ ಪ್ರಮುಖ ತಳಮುದ್ರೆಯಲ್ಲಿ ಆರು ಅಕ್ಷರಗಳಿರುತ್ತವೆ. ಸಾಮಾನ್ಯವಾಗಿ ಮೂರು ಮೂರರಂತೆ ಎರಡು ಸಾಲು. ಬಲಗಡೆಯ ಸಾಲನ್ನು ಮೇಲಿನಿಂದ ಕೆಳಕ್ಕೆ ಓದಿ, ಅನಂತರ ಎಡಗಡೆಯದನ್ನು ಓದಬೇಕು. 'ದಾ ಮಿಂಗ್ ಶ್ವಾನ್ ದ ನಿಯನ್ ಝಿ' ಎಂದಿದ್ದರೆ, ಮಹಾ ಮಿಂಗ್ ವಂಶದ ಶ್ವಾನ್‌ದ ಆಳ್ವಿಕೆಯಲ್ಲಿ ತಯಾರಾದದ್ದು ಎಂದರ್ಥ. ನಾಲ್ಕೇ ಅಕ್ಷರಗಳ ಮುದ್ರೆಯಲ್ಲಿ ವಂಶದ ಹೆಸರು ಬಿಟ್ಟುಹೋಗಿರುತ್ತದೆ. ವಿಜಯನಗರದ ಕಾಲಕ್ಕೆ ಮುಖ್ಯವಾಗಿ ಸಂಬಂಧಿಸಿದ ಆಳ್ವಿಕೆಗಳು ಶ್ವಾನ್‌ದ (1426–1435), ಚೆಂಗ್‌ಹ್ವಾ (1465–1487), ಹಾಂಗ್‌ಝಿ (1488–1505), ಝೆಂಗ್‌ದ (1506–1521) ಮತ್ತು ಜಿಯಾಜಿಂಗ್ (1522–1566).

ಆದರೆ ಮುದ್ರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಿಂದಿನ ದೊರೆಗಳ ಕಾಲದ ಪಾತ್ರೆಗಳಿಗೆ ಚೀನಾದಲ್ಲೇ ಅಪಾರ ಗೌರವವಿತ್ತು. ಹಾಗಾಗಿ ನಂತರದ ಕುಶಲಕರ್ಮಿಗಳು ಶ್ವಾನ್‌ದ, ಚೆಂಗ್‌ಹ್ವಾ ಹೆಸರುಗಳನ್ನು ಶತಮಾನಗಳ ಕಾಲ ಬರೆಯುತ್ತಲೇ ಬಂದರು. ಇಲ್ಲಿ ಒಂದೊಂದು ಗೆರೆಯೂ ಸಾಕ್ಷಿಯಾಗುತ್ತದೆ. ಶ್ವಾನ್‌ದ ಕಾಲದ ಅಸಲಿ ಮುದ್ರೆಗಳಲ್ಲಿ 'ದ' ಅಕ್ಷರದ ನಡುವೆ, ಹೃದಯವನ್ನು ಸೂಚಿಸುವ ಭಾಗದ ಮೇಲೆ ಬರಬೇಕಾದ ಅಡ್ಡಗೆರೆ ಇರುವುದಿಲ್ಲ. ನಕಲು ಮಾಡಿದವನು ತನಗೆ ರೂಢಿಯಿದ್ದಂತೆ ಆ ಗೆರೆಯನ್ನೂ ಎಳೆದಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು. ಗೆರೆ ಇಲ್ಲವೆಂದ ಮಾತ್ರಕ್ಕೆ ಪಾತ್ರೆ ಅಸಲಿ ಎನ್ನುವಂತೆಯೂ ಇಲ್ಲ, ಬಲ್ಲವರು ಅದನ್ನೂ ನಕಲು ಮಾಡಿದ್ದಾರೆ.

ಇನ್ನೊಂದು ತೊಡಕೆಂದರೆ, ಹೊರನಾಡಿಗೆ ಹೋಗುತ್ತಿದ್ದ ಪಾತ್ರೆಗಳಲ್ಲಿ ಬಹುಪಾಲಿಗೆ ಆಳ್ವಿಕೆಯ ಮುದ್ರೆಯೇ ಇರುತ್ತಿರಲಿಲ್ಲ. 1436ರಿಂದ 1464ರ ನಡುವಿನ ಅರಸರ ಹೆಸರುಳ್ಳ ಮುದ್ರೆಗಳಂತೂ ಇಲ್ಲವೆಂಬಷ್ಟು ವಿರಳ. ಕೆಲವು ತಳಗಳಲ್ಲಿ ದೀರ್ಘಾಯುಷ್ಯ, ಸಿರಿ, ಗೌರವ ಕೋರುವ ಶುಭಾಕ್ಷರಗಳಷ್ಟೇ ಇರುತ್ತವೆ. ಅಂಥ ಕಡೆ ತಳದ ಮಣ್ಣು, ಮೆರುಗು, ಪಾತ್ರೆ ನಿಲ್ಲುವ ಬಳೆಯಂಥ ಅಂಚು ಇವನ್ನು ನೋಡಬೇಕು. ಆವಿಗೆಯ ಮರಳು ಆ ಅಂಚಿಗೆ ದಪ್ಪವಾಗಿ ಅಂಟಿದ್ದರೆ ಅದು ಪಿಂಗಾಣಿಗೆ ಹೆಸರಾದ ಜಿಂಗ್‌ದೆಝೆನ್‌ ಊರಿನ ನಯವಾದ ಕೆಲಸಕ್ಕಿಂತ ದಕ್ಷಿಣ ಚೀನಾದ ಒರಟು ರಫ್ತು ಸರಕಾಗಿರುವ ಸಂಭವ ಹೆಚ್ಚು.

ಮುದ್ರೆ ನಿಜವೇ ಆಗಲಿ, ನಕಲೇ ಆಗಲಿ, ಪಾತ್ರೆ ಆ ಹೆಸರಿನ ಆಳ್ವಿಕೆಗಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಅದು ಖಚಿತವಾಗಿ ಹೇಳಬಲ್ಲದು. ಇನ್ನೊಂದು ತುದಿಯನ್ನು ನೆಲ ತೋರಿಸಬೇಕು. ಹಂಪಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ವಿಜಯನಗರ ಸೋತ 1565ರ ಜನವರಿಯ ಯುದ್ಧದ ಬೆನ್ನಿಗೇ ನಗರ ಸೂರೆಯಾಯಿತು. ಆ ನಾಶದ ಸ್ತರ ಕದಡದೆ ಉಳಿದಿದ್ದು, ಅದರ ಅಡಿಯಲ್ಲಿ ಚೂರು ಸಿಕ್ಕರೆ, ಅದು ಆ ವರ್ಷಕ್ಕಿಂತ ಈಚಿನದಾಗಲು ಸಾಧ್ಯವಿಲ್ಲ. ಅಲ್ಲಿ ದೊರೆತ ತಳದಲ್ಲಿ ಜಿಯಾಜಿಂಗ್ ಮುದ್ರೆ ಇದ್ದರೆ, ಅದರ ಕಾಲ 1522 ಮತ್ತು 1565ರ ನಡುವೆ ನಿಲ್ಲುತ್ತದೆ. ಮನೆತನದಿಂದ ಮನೆತನಕ್ಕೆ, ಅಂಗಡಿಯಿಂದ ಅಂಗಡಿಗೆ ಸಾಗಿಬಂದ ಇಡೀ ಪಾತ್ರೆಗೆ ಈ ಆಸರೆ ಇರುವುದಿಲ್ಲ. ಒಡೆದ ಚೂರೇ ಇಲ್ಲಿ ಗಟ್ಟಿ ಸಾಕ್ಷಿ.

ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಇಂಥ ಚೂರುಗಳ ಅಧ್ಯಯನಕ್ಕೆ ಜಪಾನಿನ ಇತಿಹಾಸಕಾರ ನೊಬೊರು ಕರಾಶಿಮಾ ಸಂಪಾದಿಸಿ 2004ರಲ್ಲಿ ಹೊರಬಂದ ಸಂಪುಟ ಒಳ್ಳೆಯ ತಳಹದಿ ಹಾಕಿಕೊಟ್ಟಿದೆ.

ಮುದ್ರೆಯುಳ್ಳ ಚೂರನ್ನು ಯಾರಾದರೂ ನೆನಪಿಗೆಂದು ಎತ್ತಿಕೊಂಡು ಹೋದರೆ ಬರಹ ಉಳಿಯುತ್ತದೆ, ಸ್ತರದ ಸಾಕ್ಷ್ಯ ಮಾತ್ರ ಶಾಶ್ವತವಾಗಿ ಹೋಗುತ್ತದೆ. ಹಂಪಿಗೆ ಹೋದವರ ಕಣ್ಣಿಗೆ ಪಿಂಗಾಣಿ ಚೂರು ಬಿದ್ದರೆ ಅದನ್ನು ಮುಟ್ಟದೆ, ಇದ್ದ ಜಾಗದಲ್ಲೇ ಬಿಟ್ಟು, ಪುರಾತತ್ವ ಇಲಾಖೆಯ ಸಿಬ್ಬಂದಿಗೆ ತಿಳಿಸಬೇಕು.