ಮೂರು ದಿನದ ಬೆಂಗಳೂರು, ಒಂದು ಮಗುವಿನೊಡನೆ

ಪ್ರತಿವರ್ಷ ಜೂನ್ ಮತ್ತು ಡಿಸೆಂಬರ್ ತಿಂಗಳುಗಳು ಸಮೀಪಿಸಿದಂತೆ ಪರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ: "ಮೇಷ್ಟ್ರೇ, ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದೇವೆ. ಬೆಂಗಳೂರಿನಲ್ಲಿ ಮೂರು ದಿನ ಸಿಗುತ್ತದೆ. ಏನು ತೋರಿಸೋಣ?" ಇದುವರೆಗೆ ಒಬ್ಬೊಬ್ಬರಿಗೆ ಒಂದೊಂದು ರೀತಿ ಉತ್ತರ ಬರೆದು ಕಳುಹಿಸುತ್ತಿದ್ದೆ. ಈ ಸಲ ಪ್ರಶ್ನೆ ನನ್ನ ಮನೆಯೊಳಗೇ ಬಂದಿದೆ. ನ್ಯೂಜೆರ್ಸಿಯಲ್ಲಿರುವ ಮಗಳು ತನ್ನ ಹತ್ತು ವರ್ಷದ ಮಗಳೊಡನೆ ಬರುವವಳಿದ್ದಾಳೆ. ಅವಳು ಸಿದ್ಧಪಡಿಸಿರುವ ಪಟ್ಟಿಯಲ್ಲಿ ಎರಡು ಮಾಲ್, ಒಂದು ನೀರಾಟದ ಉದ್ಯಾನ ಮತ್ತು ಬಟ್ಟೆಯಂಗಡಿಗಳಿವೆ. ಇವುಗಳ ಬಗ್ಗೆ ನನಗೆ ದ್ವೇಷವಿಲ್ಲ, ಮಕ್ಕಳು ಆಡಬೇಕಾದದ್ದೇ. ಆದರೆ ಕಳೆದ ತಿಂಗಳು ದೂರವಾಣಿಯಲ್ಲಿ ಮೊಮ್ಮಗಳು, "ಹಿಸ್ಟರಿ ಇರೋದು ಫಿಲಡೆಲ್ಫಿಯಾದಲ್ಲಿ ತಾತ, ನಿಮ್ಮ ಊರಲ್ಲಿ ಟ್ರಾಫಿಕ್ ಮಾತ್ರ" ಎಂದಳು. ಮೂವತ್ತೆರಡು ವರ್ಷ ಚರಿತ್ರೆ ಪಾಠ ಹೇಳಿದವನಿಗೆ ಆ ಮಾತು ಸುಮ್ಮನೆ ಬಿಡುವಂಥದ್ದಲ್ಲ. ಮುಂದಿನ ವರ್ಷದಿಂದ ಅವಳಿಗೆ ಬೇಸಿಗೆ ಶಿಬಿರಗಳು ಆರಂಭವಾಗುತ್ತವೆಯಂತೆ. ಮತ್ತೆ ಯಾವಾಗ ಬರುತ್ತಾಳೋ, ಆಗ ನನ್ನ ಮಂಡಿಗಳು ಲಾಲ್‌ಬಾಗಿನ ಬಂಡೆ ಹತ್ತಲು ಒಪ್ಪುತ್ತವೆಯೋ ಇಲ್ಲವೋ. ಆದುದರಿಂದ ಮಗಳ ಪಟ್ಟಿಯ ಪಕ್ಕದಲ್ಲಿ ನನ್ನದೊಂದು ಪಟ್ಟಿಯನ್ನು ಇಟ್ಟಿದ್ದೇನೆ. ಅದನ್ನೇ ನಿಮ್ಮೆಲ್ಲರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಗುವಿಗೆ ಚರಿತ್ರೆಯನ್ನು ಮನೆಯ ಹೊಸ್ತಿಲಿನಿಂದ ಆರಂಭಿಸಬೇಕೆಂಬುದು ನನ್ನ ಹಳೆಯ ಅಭಿಪ್ರಾಯ. ನಮ್ಮ ಬಡಾವಣೆಯ ಹೆಸರನ್ನೇ ತೆಗೆದುಕೊಳ್ಳಿ. ನಾವು ಚಿಕ್ಕಲಸಂದ್ರ ಎಂದು ಸವೆಸಿ ಹೇಳುವ ಈ ಊರು ಹಳೆಯ ಕಾಗದಪತ್ರಗಳಲ್ಲಿ ಚಿಕ್ಕಕಲ್ಲಸಂದ್ರ. ಇದರ ಹಿರಿಯಣ್ಣ ದೊಡ್ಡಕಲ್ಲಸಂದ್ರ ಕನಕಪುರ ರಸ್ತೆಯಲ್ಲಿದೆ. 2021ರಿಂದ ಆ ಹೆಸರಿನಲ್ಲಿ ಒಂದು ಮೆಟ್ರೋ ನಿಲ್ದಾಣವೂ ಇದೆ. 'ಸಂದ್ರ' ಎಂಬುದು 'ಸಮುದ್ರ'ದ ತದ್ಭವ. ನಮ್ಮ ಪೂರ್ವಿಕರು ದೊಡ್ಡ ಮನಸ್ಸಿನಿಂದ ಕೆರೆಯನ್ನು ಸಮುದ್ರವೆಂದು ಕರೆದರು. ಸಿಂಗಸಂದ್ರ, ಬೊಮ್ಮಸಂದ್ರ, ಜಕ್ಕಸಂದ್ರ, ಥಣಿಸಂದ್ರ ಇವೆಲ್ಲ ಇದೇ ವಂಶದವು. ಮೆಟ್ರೋ ನಕ್ಷೆಯನ್ನು ಮಗುವಿನ ಕೈಗೆ ಕೊಟ್ಟು 'ಸಂದ್ರ'ಗಳನ್ನು ಹುಡುಕಿಸಿರಿ. ಕಡಲಿನಿಂದ ಇಷ್ಟು ದೂರ, ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿನಲ್ಲಿ ಇಷ್ಟು ಸಮುದ್ರಗಳೇಕೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಪ್ರಶ್ನೆ ಹುಟ್ಟಿದ ಮೇಲೆ ಹೊರಡಬೇಕು.

ಮೊದಲ ದಿನ ಲಾಲ್‌ಬಾಗ್. ಬನಶಂಕರಿಯವರೆಗೆ ಬಸ್ಸು, ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಮಾತ್ರ ಮಗುವನ್ನು ನೇರವಾಗಿ ಬಂಡೆಯ ಮೇಲೆ ಕೂರಿಸುತ್ತೇನೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಫಿಲಡೆಲ್ಫಿಯಾದ ಗಂಟೆಗೆ ಇನ್ನೂ ಮುನ್ನೂರು ವರ್ಷವೂ ತುಂಬಿಲ್ಲ. (ಮೊಮ್ಮಗಳೊಡನೆ ಸ್ಪರ್ಧೆ ಬೇಡವೆಂದು ನನ್ನ ಹೆಂಡತಿಯ ಎಚ್ಚರಿಕೆ.) ಬಂಡೆಯ ನೆತ್ತಿಯಲ್ಲಿರುವ ಗೋಪುರ ಕೆಂಪೇಗೌಡರ ವಂಶದವರು ಊರಿನ ನಾಲ್ಕು ದಿಕ್ಕುಗಳಲ್ಲಿ ಕಟ್ಟಿಸಿದ ನಾಲ್ಕರಲ್ಲಿ ಒಂದು, ಉಳಿದವು ಕೆಂಪಾಂಬುಧಿ ಕೆರೆಯ ಬಳಿ, ಹಲಸೂರಿನಲ್ಲಿ ಮತ್ತು ಮೇಖ್ರಿ ವೃತ್ತದ ಸಮೀಪದಲ್ಲಿವೆ. ಊರು ಈ ಗೋಪುರಗಳನ್ನು ದಾಟಿ ಬೆಳೆಯಬಾರದೆಂದು ಹಿರಿಯರು ಎಣಿಸಿದ್ದರೆಂಬ ಪ್ರತೀತಿಯಿದೆ. ಚಿಕ್ಕಲಸಂದ್ರದಿಂದ ಹೊರಟು ಅಲ್ಲಿಗೆ ಬಂದವರು ಎಲ್ಲೆಯನ್ನು ಒಳಮುಖವಾಗಿ ದಾಟಿರುತ್ತಾರೆ.

ಅಂದು ಸಂಜೆ ಅದೇ ರೈಲಿನಲ್ಲಿ ಮುಂದುವರಿಯಬೇಕು. ನ್ಯಾಷನಲ್ ಕಾಲೇಜು ನಿಲ್ದಾಣ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆ ಇರುವ ಸ್ಥಳ ಹಿಂದೆ ಸಿದ್ಧಿಕಟ್ಟೆ ಎಂಬ ನೀರಿನ ತಾಣ. ಮಾರುಕಟ್ಟೆಯ ಕಟ್ಟಡ 1928ರದು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗ. ಹತ್ತಿರದಲ್ಲಿ ಹೊಳೆಯಿಲ್ಲದ ಊರು ಮಳೆನೀರನ್ನು ಹಿಡಿದಿಟ್ಟು ಬದುಕಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ನಲ್ಲಿ ತಿರುಗಿಸಿದರೆ ನೀರು ಬೀಳುವ ಮನೆಯವರಿಗೆ ಕೆರೆ ಖಾಲಿ ನಿವೇಶನವಾಗಿ ಕಾಣಲಾರಂಭಿಸಿತು. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಎತ್ತರಕ್ಕೆ, ವಿದ್ಯುತ್ತಿನ ಬಲದಿಂದ ಏರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ನಮ್ಮ ಕಡೆಯ ಬೀದಿಗಳಲ್ಲಿ ಟ್ಯಾಂಕರುಗಳಿಗಾಗಿ ಜನ ಕಾದದ್ದನ್ನು ಮೊಮ್ಮಗಳು ನೋಡಿಲ್ಲ, ಹೇಳಬೇಕು.

ಎರಡನೆಯ ದಿನವನ್ನು ಪೂರ್ತಿಯಾಗಿ ಕೋಟೆಗೆ ಮೀಸಲಿಟ್ಟಿದ್ದೇನೆ. ಇದು ನನ್ನ ಪಟ್ಟಿಯ ಜೀವ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರ ಹೊತ್ತಿಗೆ ಹೈದರಾಲಿ ಅದನ್ನು ಕಲ್ಲಿನದಾಗಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಿನ ತುಸು ಭಾಗ. ಇಷ್ಟೇನಾ ಎಂದು ಮಕ್ಕಳು ಮೂಗು ಮುರಿಯುತ್ತಾರೆ. ಆಗ ಹೇಳಬೇಕಾದ ಹೆಸರು ಕಾರ್ನ್‌ವಾಲಿಸ್. ಅಮೆರಿಕದ ಶಾಲೆಯ ಮಗು ಈ ಹೆಸರನ್ನು ಕೇಳಿಯೇ ಇರುತ್ತದೆ: 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೆ ಶರಣಾದ ಬ್ರಿಟಿಷ್ ಸೇನಾಪತಿ. ಅಲ್ಲಿಗೆ ಅವರ ಪಾಠ ಮುಗಿಯುತ್ತದೆ, ನಮ್ಮ ಪಾಠ ಆರಂಭವಾಗುತ್ತದೆ. ಅದೇ ಮನುಷ್ಯ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನು, 21ರ ರಾತ್ರಿ ಈ ಕೋಟೆಯನ್ನು ಹಿಡಿದ. ಕಿಲ್ಲೇದಾರ ಬಹದ್ದೂರ್ ಖಾನ್ ಕಾದಾಡುತ್ತಲೇ ಮಡಿದ. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಸಬೇಕಾಯಿತು. ಹಣ ಸಲ್ಲುವವರೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು. ಹಿರಿಯವನು ಹತ್ತರ ಆಸುಪಾಸಿನವನು, ನನ್ನ ಮೊಮ್ಮಗಳ ಓರಗೆ. ಅವರು ಮನೆಗೆ ಮರಳಿದ್ದು 1794ರಲ್ಲಿ. ತರಗತಿಯಲ್ಲಿ ಈ ಭಾಗ ಬಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರೆಂಬುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಿದೆ. 1781ರಲ್ಲಿ ಹೈದರಾಲಿ ಆರಂಭಿಸಿದ್ದನ್ನು ಮಗ 1791ರಲ್ಲಿ ಮುಗಿಸಿದ ಮರದ ಕಂಬಗಳ ಮಂದಿರ. ಕೋಟೆ ಬೀಳುವುದಕ್ಕೂ ಅರಮನೆ ಮುಗಿಯುವುದಕ್ಕೂ ಒಂದೇ ವರ್ಷ! ಇಲ್ಲಿ ರಾಕೆಟ್ಟಿನ ಮಾತು ತೆಗೆಯಬೇಕು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಮೈಸೂರಿನ ರಾಕೆಟ್ಟುಗಳನ್ನು 1799ರ ನಂತರ ಬ್ರಿಟಿಷರು ತಮ್ಮ ದೇಶಕ್ಕೆ ಒಯ್ದರು. ಅವನ್ನು ಪರೀಕ್ಷಿಸಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟನ್ನು ರೂಪಿಸಿದ. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿದ್ದು ಆ ರಾಕೆಟ್ಟುಗಳೇ. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಬೆಳಕು ಬರುವುದು ಆ ರಾತ್ರಿಯ ಕಾರಣದಿಂದ. ಮೊಮ್ಮಗಳು ಶಾಲೆಯಲ್ಲಿ ಎದೆಯ ಮೇಲೆ ಕೈಯಿಟ್ಟು ಹಾಡುವ ಹಾಡಿಗೂ ಈ ಮಾರುಕಟ್ಟೆಯ ಸಂದಿಗೂ ಇಷ್ಟು ನಂಟಿದೆ. ಹತ್ತಿರದಲ್ಲೇ ತಾರಾಮಂಡಲಪೇಟೆ ಎಂಬ ಬೀದಿಯಿದೆ. ರಾಕೆಟ್ಟಿಗೂ ಆ ಹೆಸರಿಗೂ ಸಂಬಂಧವಿದೆಯೆನ್ನುತ್ತಾರೆ. ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ರಾಕೆಟ್ಟುಗಳ ಚರಿತ್ರೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದರು.

ಟಿಪ್ಪುವಿನ ವಿಷಯ ಬಂದಾಗ ದೊಡ್ಡವರು ಮಗುವಿನ ತಲೆಯ ಮೇಲೆ ಜಗಳಕ್ಕಿಳಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವನ ರಾಕೆಟ್ಟು, ರೇಷ್ಮೆಗಳನ್ನೂ ಹೇಳಿ, ಕೊಡಗಿನಲ್ಲಿ ಅವನ ಸೈನ್ಯ ನಡೆದುಕೊಂಡ ರೀತಿಯನ್ನೂ ಹೇಳಿ. ಹತ್ತು ವರ್ಷದ ಮಗುವಿಗೆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಶಕ್ತಿಯಿದೆ. ನಮಗೆ ಅದು ವಯಸ್ಸಾದಂತೆ ಕಡಿಮೆಯಾಗುತ್ತದೆ.

ಪಕ್ಕದಲ್ಲೇ ಕೋಟೆ ವೆಂಕಟರಮಣಸ್ವಾಮಿಯ ದೇವಾಲಯ, ಚಿಕ್ಕದೇವರಾಜ ಒಡೆಯರ ಕಾಲದ್ದು. ಆ ಒಡೆಯರು ಮೊಗಲರ ಸೇನಾಪತಿ ಕಾಸಿಂ ಖಾನನಿಂದ ಇಡೀ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಕೊಂಡರು. ಇಂದು ಆ ಹಣಕ್ಕೆ ನಮ್ಮ ಚಿಕ್ಕಲಸಂದ್ರದಲ್ಲಿ ಒಂದು ಕಾರು ನಿಲ್ಲಿಸುವ ಜಾಗವೂ ದೊರೆಯಲಾರದು. ಪೇಟೆಯ ಬೀದಿಗಳ ಹೆಸರುಗಳನ್ನು (ಅರಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಗಾಣಿಗರಪೇಟೆ) ಮಗುವೇ ಅರ್ಥಮಾಡಿಕೊಳ್ಳಲಿ. ಕನ್ನಡ ಓದಲು ಬಾರದ ಮಕ್ಕಳಿಗೆ ಅಂಗಡಿ ಹಲಗೆಗಳಿಗಿಂತ ಒಳ್ಳೆಯ ಪ್ರಥಮ ಪುಸ್ತಕವಿಲ್ಲ. ಸಂಜೆ ಗಾಂಧಿಬಜಾರಿನಲ್ಲಿ ದೋಸೆ. 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ಮುಂದೆ ಕಾಯುವುದೂ ಪ್ರವಾಸದ ಒಂದು ಅಂಗವೇ. ಬಸವನಗುಡಿ ಬಡಾವಣೆ ಹುಟ್ಟಿದ್ದು 1898ರ ಪ್ಲೇಗಿನ ನಂತರ ಎಂಬುದನ್ನು ಅಲ್ಲಿ ನಿಂತಾಗ ಹೇಳಿದರಾಯಿತು. ಕೋವಿಡ್ ಕಂಡ ಮಗುವಿಗೆ ಹೆಚ್ಚು ವಿವರಣೆ ಬೇಕಾಗದು. ವಿಧಾನಸೌಧ, ಕಬ್ಬನ್ ಪಾರ್ಕ್ ಇತ್ಯಾದಿಗಳನ್ನು ಮಗಳ ಪಟ್ಟಿಗೆ ಬಿಟ್ಟಿದ್ದೇನೆ.

ಮೂರನೆಯ ದಿನ ಮುಂಜಾನೆ ಬೇಗೂರು. ಇದಕ್ಕೆ ಮಗಳ ಆಕ್ಷೇಪಣೆಯಿದೆ: "ಅಷ್ಟು ದೂರ ಒಂದು ಕಲ್ಲು ನೋಡೋಕಾ ಅಪ್ಪ?" ಹೌದು, ಒಂದು ಕಲ್ಲು ನೋಡುವುದಕ್ಕೇ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು ಆಯಿತೆಂಬ ಕಥೆಯನ್ನು ಮೊಮ್ಮಗಳು ಆಗಲೇ ಯಾರಿಂದಲೋ ಕಲಿತಿದ್ದಾಳೆ. ಬಲ್ಲಾಳನು ಹನ್ನೆರಡನೆಯ ಶತಮಾನದವನು. ಬೇಗೂರಿನ ಪಂಚಲಿಂಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲು ಸುಮಾರು ಕ್ರಿ.ಶ. 890ರದು, ಬೆಂಗಳೂರಿನ ಕಾಳಗದಲ್ಲಿ ಸತ್ತವರನ್ನು ಅದು ಹೆಸರಿಸುತ್ತದೆ. ಅಜ್ಜಿ ಕಾಳು ಬೇಯಿಸುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಈ ಹೆಸರಿತ್ತು, ಮತ್ತು ಅದರ ಹೆಸರಿನಲ್ಲಿ ಒಂದು ಯುದ್ಧವೂ ನಡೆದಿತ್ತು. ಒಂದು ಸೊಗಸಾದ ಕಥೆಯನ್ನು ಒಂದು ಒರಟು ಕಲ್ಲು ಹೇಗೆ ಪರೀಕ್ಷಿಸುತ್ತದೆಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣೆದುರು ನೋಡುವುದು ಬೇರೆ.

ಮಗುವಿಗೆ ಒಂದು ನೀರಿನ ಬಾಟಲಿ, ಟೋಪಿ, ಬರೆದುಕೊಳ್ಳಲು ಒಂದು ನೋಟ್ ಪುಸ್ತಕ ಇರಲಿ. ಬೆಳಿಗ್ಗೆ ಹತ್ತರೊಳಗೆ ತಲುಪಬೇಕು. ಮಧ್ಯಾಹ್ನ ದೇವಾಲಯದ ಬಾಗಿಲು ಹಾಕುತ್ತಾರೆ.