ಕರೆ ಯಾರದು, ಕಾಸು ಯಾರದು?

ಶಲವಡಿಯಲ್ಲಿರೋ ನಮ್ಮ ಅಪ್ಪ ಬಂದ ಫೋನನ್ನೆಲ್ಲ ಎತ್ತುತ್ತಾರೆ. ಕಡ್ಲಿ ರಾಶಿ ನಡೆದಾಗಲೂ ಅಷ್ಟೇ, ಊಟಕ್ಕೆ ಕೂತಾಗಲೂ ಅಷ್ಟೇ. ಸಾಲ ಬೇಕಾ ಅಂತ ಕೇಳೋ ಹುಡುಗಿಗೂ "ಊಟ ಆತೇನವಾ?" ಅಂತಾರೆ. "ಗೊತ್ತಿಲ್ಲದ ನಂಬರ್ ಎತ್ತಬ್ಯಾಡ್ರಿ ಅಪ್ಪಾ" ಅಂದ್ರೆ, "ಯಾರರೆ ಕಷ್ಟದಾಗ ಇದ್ದು ಮಾಡಿದ್ರ?" ಅಂತ ನನ್ನನ್ನೇ ಕೇಳ್ತಾರೆ.

ಅವರು ಬೆಳೆದದ್ದು ತಂತಿ ಕಾಲದಲ್ಲಿ. ತಂತಿಗೆ ಪದಕ್ಕಿಷ್ಟು ಅಂತ ದುಡ್ಡು. ಹಾಗಾಗಿ ಯಾರೂ ಸುಮ್ಮನೆ ಕಳಿಸ್ತಿರಲಿಲ್ಲ. ತಂತಿ ಬಂತು ಅಂದ್ರೆ ಒಡೆದು ಓದೋ ಮೊದಲೇ ಮನೆಯಲ್ಲಿ ಅಳು ಶುರುವಾಗ್ತಿತ್ತು. ದೂರದಿಂದ ಬಂದ ಸುದ್ದಿಗೆ ಅಷ್ಟು ತೂಕವಿತ್ತು.

ಹಾಗಂತ ಬೇಡದ ಸಂದೇಶ ನಮ್ಮ ಕಾಲದ ಪೀಡೆಯೇನಲ್ಲ. 1864ರಲ್ಲೇ ಲಂಡನ್ನಿನ ಗೇಬ್ರಿಯಲ್ ಅನ್ನೋ ದಂತವೈದ್ಯರು ಅಲ್ಲಿನ ರಾಜಕಾರಣಿಗಳ ಮನೆಗೆ ಜಾಹೀರಾತಿನ ತಂತಿ ಕಳಿಸಿದ್ದರು. ಸಿಟ್ಟಾದವರೊಬ್ಬರು 'ಟೈಮ್ಸ್' ಪತ್ರಿಕೆಗೆ ಬರೆದರು. ಆದರೆ ಪ್ರತಿ ತಂತಿಗೂ ಗೇಬ್ರಿಯಲ್ ಕಾಸು ಬಿಚ್ಚಬೇಕಿತ್ತು, ಊರಿಗೆಲ್ಲ ಕಳಿಸೋದು ಆಗದ ಮಾತು.

ಆ ಲಗಾಮು ಕಳಚಿದ್ದು 1978ರ ಮೇ 3ರಂದು. ಡಿಇಸಿ ಕಂಪನಿಯ ಗ್ಯಾರಿ ಥರ್ಕ್, ಆಗಿನ ಆರ್ಪಾನೆಟ್‌ನ ಸುಮಾರು 400 ಜನರಿಗೆ ಕಂಪ್ಯೂಟರ್ ಮಾರಲು ಒಂದೇ ಏಟಿಗೆ ಇಮೇಲ್ ಕಳಿಸಿದ. ಬೈಗುಳ ಬಂತು, ವ್ಯಾಪಾರವೂ ಆಯ್ತು ಅಂತ ಅವನೇ ಹೇಳಿಕೊಂಡ. ಒಬ್ಬರಿಗೆ ಕಳಿಸಿದರೂ ನಾನೂರು ಜನಕ್ಕೆ ಕಳಿಸಿದರೂ ಹೆಚ್ಚುಕಮ್ಮಿ ಅದೇ ಖರ್ಚು. ನೂರರಲ್ಲಿ ಒಬ್ಬ ಕೊಂಡರೂ ಲಾಭ, ಉಳಿದ ತೊಂಬತ್ತೊಂಬತ್ತು ಜನರ ಕಿರಿಕಿರಿಗೆ ಲೆಕ್ಕವಿಲ್ಲ.

ನಮ್ಮಲ್ಲಿ ಮೊಬೈಲ್ ಬಂದದ್ದು 1995ರಲ್ಲಿ. ಮೊದಮೊದಲು ಕರೆ ಮಾಡಿದವರಿಗೂ ದುಡ್ಡು, ಎತ್ತಿದವರಿಗೂ ದುಡ್ಡು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯ್ತು. ಫೋನ್ ಹಳ್ಳಿಹಳ್ಳಿಗೂ ಇಳೀತು. ಕರೆ ದರವೂ ಇಳೀತಾ ಹೋಯ್ತು, ಬೆನ್ನಿಗೇ ಮಾರಾಟದ ಕರೆಗಳು ಬಂದವು. ವಕೀಲ ಹರ್ಷ್ ಪಾಠಕ್ ಇದರ ವಿರುದ್ಧ ಸುಪ್ರೀಂ ಕೋರ್ಟಿಗೇ ಹೋದರು. 2007ರಲ್ಲಿ ಟ್ರಾಯ್ ನಿಯಮ ತಂದು, ಕರೆ ಬೇಡ ಅನ್ನೋರ ಪಟ್ಟಿ ಶುರು ಮಾಡಿಸಿತು. ಅಂದ್ರೆ ನಮ್ಮನೆ ಬಾಗಿಲು ಬಡೀಬೇಡಿ ಅಂತ ನಾವೇ ಹೋಗಿ ಹೆಸರು ಬರೆಸಬೇಕು! 2018ರ ನಿಯಮದಲ್ಲಿ ಮಾತು ಸ್ವಲ್ಪ ತಿರುಗಿತು: ಕಂಪನಿಗಳು ನೋಂದಣಿ ಮಾಡಿಸಬೇಕು, ಗ್ರಾಹಕರ ಒಪ್ಪಿಗೆ ದಾಖಲಾಗಬೇಕು. ಇವತ್ತಿಗೂ 1909ಕ್ಕೆ ಫೋನ್ ಮಾಡಿ ಬೇಡ ಅನ್ನಬಹುದು, ದೂರೂ ಕೊಡಬಹುದು.

ಆದರೆ ನೋಂದಣಿ ಮಾಡಿಸೋನು ವ್ಯಾಪಾರಿ. ಕಳ್ಳ ಯಾವ ಪಟ್ಟಿಗೆ ಹೆಸರು ಕೊಡ್ತಾನೆ? ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಅನ್ನೋರು ಸಾಮಾನ್ಯ ಮೊಬೈಲ್ ನಂಬರಿನಿಂದಲೂ ಬರ್ತಾರೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಇದಿಷ್ಟನ್ನೂ ಅಪ್ಪನ ಫೋನಿನ ಹಿಂದೆ ಚೀಟಿ ಬರೆದು ಅಂಟಿಸಿದ್ದೀನಿ.

ನಾನೋ, ಗೊತ್ತಿಲ್ಲದ ನಂಬರ್ ಎತ್ತೋದೇ ಇಲ್ಲ. ಅದನ್ನೇ ಜಾಣತನ ಅಂದ್ಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಒಂದಿನ ಮೀಟಿಂಗ್ ನಡುವೆ ಒಂದು ನಂಬರಿನಿಂದ ಮೂರು ಸಲ ಫೋನ್ ಬಂತು. ಮೂರು ಸಲವೂ ಕಟ್ ಮಾಡಿ, ಕೊನೆಗೆ ಬ್ಲಾಕ್ ಮಾಡಿದೆ. ರಾತ್ರಿ ತಿಳೀತು: ಅವ್ವ ಅಂಗಳದಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಅಪ್ಪನ ಫೋನ್ ಚಾರ್ಜ್ ಇರಲಿಲ್ಲ, ಪಕ್ಕದ ಮನೆಯವರ ಫೋನಿನಿಂದ ಮಾಡಿದ್ದರು.

ಅಪ್ಪ ಬೈಲಿಲ್ಲ. "ಕೆಲಸದಾಗ ಇದ್ದಿ ಏನೋ ಬಿಡು" ಅಂದರು.

ಕಳಿಸೋರಿಗೆ ಖರ್ಚಿಲ್ಲದ ಕರೆಗೆ ಕಾಸು ಕೊಡೋರು ಯಾರು ಅಂತ ಅವತ್ತು ಗೊತ್ತಾಯ್ತು. ಪಕ್ಕದ ಮನೆಯವರ ನಂಬರನ್ನ ಹೆಸರು ಹಾಕಿ ಸೇವ್ ಮಾಡಿದ್ದೀನಿ. ನೀವೂ ಊರಿನ ನಾಲ್ಕು ನಂಬರ್ ಸೇವ್ ಮಾಡಿಟ್ಟುಕೊಳ್ಳಿ.